ಐದನೆಯ ಹೆಜ್ಜೆ

ನಾನು ಒಂದು ಮರದ ಪೆಟ್ಟಿಗೆ. ಉದ್ದ ಒಂದೂವರೆ ಅಡಿ, ಅಗಲ ಒಂದೂವರೆ ಅಡಿ, ಎತ್ತರವೂ ಅಷ್ಟೇ. ಘನಾಕೃತಿಗೆ ಆರು ಮುಖಗಳಿರಬೇಕು, ನನಗಿರುವುದು ಐದು. ತಳವಿಲ್ಲ. ಇದನ್ನು ಕೊರತೆಯೆಂದು ಯಾರೂ ಭಾವಿಸಬಾರದು.

ಧಾರವಾಡದ ಕಡೆಯ ಒಂದು ವಿಶ್ವವಿದ್ಯಾಲಯದಲ್ಲಿ ಗಣಿತದ ಅಧ್ಯಾಪಕರು ನಿಂತು ಪಾಠ ಹೇಳುತ್ತಿದ್ದ ಸಾಗುವಾನಿ ವೇದಿಕೆಯನ್ನು ಕಿತ್ತುಹಾಕಿದಾಗ, ಅದರ ಹಲಗೆಗಳನ್ನು ವಿದ್ಯಾರ್ಥಿಗಳ ರಂಗಸಂಘ ಕೇಳಿ ಪಡೆಯಿತು. ಅವರಿಗೆ ಸಿಂಹಾಸನ ಬೇಕಾಗಿತ್ತು.

"ಸಿಂಹಾಸನ ಒಂದು ನಾಟಕಕ್ಕ ಆಗತದ," ಎಂದರು ಕೆಲಸಕ್ಕೆ ಬಂದ ಬಡಗಿ ಈರಪ್ಪ ಬಡಿಗೇರ. "ಪೆಟ್ಟಿಗಿ ಮಾಡಿ ಕೊಡತೇನಿ. ಎಲ್ಲಾ ನಾಟಕಕ್ಕೂ ಆಗತದ."

ಅವರ ಲೆಕ್ಕ ತಪ್ಪಲಿಲ್ಲ. ನಾನು ಸಿಂಹಾಸನವಾದೆ, ಬಂಡೆಯಾದೆ, ಬಾವಿಯ ಕಟ್ಟೆಯಾದೆ, ಪೊಲೀಸ್ ಠಾಣೆಯ ಮೇಜಾದೆ. ಒಮ್ಮೆ ಮಗುಚಿಕೊಂಡು ತೊಟ್ಟಿಲೂ ಆದೆ. ಪ್ರತಿ ವರ್ಷ ನನ್ನ ಒಡೆಯರಲ್ಲಿ ಕೆಲವರು ಪದವಿ ಪಡೆದು ಹೊರಡುತ್ತಿದ್ದರು, ಹೊಸಬರು ಬರುತ್ತಿದ್ದರು.

ಸಂಘದಲ್ಲಿ ಒಂದು ಪದ್ಧತಿಯಿತ್ತು. ಕೊನೆಯ ವರ್ಷದ ಕೊನೆಯ ಪ್ರದರ್ಶನ ಮುಗಿದ ಕೂಡಲೇ ನನ್ನನ್ನು ಮಗುಚಿ, ಹೊರಡುವವರು ನನ್ನ ಒಳಮೈಯಲ್ಲಿ ಪೆನ್ಸಿಲಿನಿಂದ ಹೆಸರು ಬರೆಯುತ್ತಿದ್ದರು. ಆದರೆ ನನ್ನ ಮೇಲೆ ನಿಂತು, ಪ್ರೇಕ್ಷಕರ ಮುಂದೆ ಒಂದು ಮಾತನ್ನಾದರೂ ಆಡಿದವರಿಗೆ ಮಾತ್ರ ಆ ಹಕ್ಕು. ಹತ್ತೊಂಬತ್ತು ವರ್ಷಗಳಲ್ಲಿ ಅರವತ್ತೊಂದು ಹೆಸರುಗಳಾದವು.

ಆ ಹತ್ತೊಂಬತ್ತನೆಯ ವರ್ಷವೇ ನೀಲಗಂಗಾ ಬಂದಿದ್ದಳು. ಗಣಿತದ ಎಂ.ಎಸ್ಸಿ. ವಿದ್ಯಾರ್ಥಿನಿ. ಪಾತ್ರ ಕೇಳಿದಳು. ಸಂಘದಲ್ಲಿ ನಾಯಕ ಪಾತ್ರಗಳನ್ನು ಆಡುತ್ತಿದ್ದ ಸಂಶೋಧನಾ ವಿದ್ಯಾರ್ಥಿ ಗುರುನಾಥ ಅವಳನ್ನು ನನ್ನ ಮೇಲೆ ನಿಲ್ಲಿಸಿ ನಾಲ್ಕು ಸಾಲು ಓದಿಸಿದ.

"ತಂಗೀ, ನಿನ್ನ ದನಿ ಮೊದಲನೇ ಸಾಲಿಗೂ ಮುಟ್ಟೂದಿಲ್ಲ. ನೀ ಪೆಟ್ಟಿಗಿ ಇಡು, ಸಾಕು."

ಅವಳು ಎರಡು ವರ್ಷ ನನ್ನನ್ನು ಹೊತ್ತಳು. ದೃಶ್ಯ ಬದಲಾಗುವಾಗ ದೀಪಗಳು ಆರುತ್ತವೆ. ಆ ಕತ್ತಲೆಯಲ್ಲಿ ಪರದೆಯ ಬದಿಯಿಂದ ಹೊರಟು ಏಳು ಹೆಜ್ಜೆ ಇಟ್ಟು, ಸುಣ್ಣದ ಗುರುತಿನ ಮೇಲೆ ನನ್ನನ್ನು ಇಳಿಸಿ, ಹನ್ನೆರಡು ಎಣಿಸುವಷ್ಟರಲ್ಲಿ ಅವಳು ಮರೆಯಾಗಬೇಕು. ಒಂದು ಸಲವೂ ತಪ್ಪಲಿಲ್ಲ. ಆದರೂ ನನ್ನನ್ನು ಒರೆಸುವಾಗಲೆಲ್ಲ ಬಗ್ಗಿ ಒಳಗಿನ ಹೆಸರುಗಳನ್ನು ಓದುತ್ತಿದ್ದಳು. ಖಾಲಿ ಜಾಗವನ್ನು ಬೆರಳಿನಿಂದ ಅಳೆಯುತ್ತಿದ್ದಳು.

ಅವಳ ಕೊನೆಯ ಪ್ರದರ್ಶನದ ಸಂಜೆ ಬಂದಿತು. ನಾಟಕ, ಒಬ್ಬ ಜಂಬದ ರಾಜನದು. ದೀಪ ನೋಡಿಕೊಳ್ಳುತ್ತಿದ್ದವನು ದಾದಾಪೀರ. ತಾಲೀಮಿನಲ್ಲಿ ನೀಲಗಂಗಾ ಗಟ್ಟಿಯಾಗಿ ಎಣಿಸುತ್ತಿದ್ದಳು. ಅವನು ಅದನ್ನು ಕೇಳಿ ದೀಪ ಹೊತ್ತಿಸುತ್ತಿದ್ದ. ಪ್ರದರ್ಶನದಲ್ಲಿ ಅವರವರು ಮನಸ್ಸಿನಲ್ಲೇ ಎಣಿಸಿಕೊಳ್ಳಬೇಕು. ತುಂಬಿದ ಸಭೆ ಕಂಡು ಅವನ ಎದೆ ಹೊಡೆದುಕೊಂಡಿತು. ಅವನು ಹನ್ನೆರಡನ್ನೇ ಎಣಿಸಿದ. ಆದರೆ ಓಡುತ್ತ ಎಣಿಸಿದ. ಸಂಖ್ಯೆ ಸರಿ, ಕಾಲ ತಪ್ಪು.

ದೀಪಗಳು ಹೊತ್ತಿದವು. ನೀಲಗಂಗಾ ಐದನೆಯ ಹೆಜ್ಜೆಯಲ್ಲಿದ್ದಳು. ನಾನು ಅವಳ ಎದೆಗೆ ಒತ್ತಿಕೊಂಡಿದ್ದೆ. ಅವಳ ನಾಡಿ ನನ್ನ ಹಲಗೆಗೆ ಬಡಿಯುತ್ತಿತ್ತು.

ಎದುರಿಗೆ ರಾಜವೇಷದ ಗುರುನಾಥ. ಅವನು ಕಿರೀಟ ಸರಿಪಡಿಸಿಕೊಂಡ. ನಾಟಕದಲ್ಲಿಲ್ಲದ ಮಾತು ಹೊಂದಿಸಿ ಗುಡುಗಿದ:

"ಯಾರಬೇ ನೀ? ಆಸ್ಥಾನದಾಗ ಹೆಂಗ ಬಂದಿ?"

ಅವಳು ಓಡಿಹೋಗಬಹುದಾಗಿತ್ತು. ಹೋಗಲಿಲ್ಲ.

"ನಿಮ್ಮ ಸಿಂಹಾಸನ ತಂದೇನ್ರಿ ಮಹಾಪ್ರಭು. ಹೊರೋರು ಇರದಿದ್ರ ನೀವು ನೆಲದ ಮ್ಯಾಲ ಕುಂದರಬೇಕಾಗತದ."

ಸಭೆ ಗೊಳ್ಳೆಂದಿತು.

"ಹಂಗಾರ ಇಡು, ಲಗೂನ!"

ಅವಳು ಉಳಿದ ಎರಡು ಹೆಜ್ಜೆ ಇಟ್ಟಳು. ಗುರುತಿನ ಮೇಲೆ ನನ್ನನ್ನು ಇಳಿಸಿದಳು. "ತಡೀರಿ, ಮೊದಲ ಗಟ್ಟಿ ಅದನೋ ಇಲ್ಲೋ ನೋಡತೇನಿ," ಎಂದು ನನ್ನ ಮೇಲೆ ಹತ್ತಿ ಎರಡು ಬಾರಿ ಕಾಲು ಕುಟ್ಟಿದಳು.

"ಪೆಟ್ಟಿಗಿ ಗಟ್ಟಿ ಅದ. ರಾಜ ಹೆಂಗದಾನೋ ಗೊತ್ತಿಲ್ಲ!"

ಆ ದನಿ ಕೊನೆಯ ಸಾಲನ್ನು ದಾಟಿ ಬಾಗಿಲಿಗೆ ಮುಟ್ಟಿತು. ಚಪ್ಪಾಳೆ ನಿಲ್ಲುವ ತನಕ ನಾಟಕವೂ ನಿಂತಿತು.

ಪರದೆ ಬಿದ್ದ ಮೇಲೆ ದಾದಾಪೀರ ಬೆವರೊರೆಸಿಕೊಳ್ಳುತ್ತ ಬಂದ. "ನಾ ಹನ್ನೆರಡಽ ಎಣಿಸೇನಿ, ಅಕ್ಕಾ!"

"ಎಣಿಸಿಯೋ, ಓಡಿಸಿಯೋ?" ಎಂದಳು ನೀಲಗಂಗಾ. ಎಲ್ಲರೂ ನಕ್ಕರು.

ನಂತರ ನನ್ನನ್ನು ಮಗುಚಿದರು. ಅವಳು ಎಂದಿನಂತೆ ದೂರ ನಿಂತಳು. ಯಾರೋ ಗೊಣಗಿದರು: "ಆ ಮಾತು ನಾಟಕದಾಗ ಇರಲಿಲ್ಲಲಾ?" ಗುರುನಾಥ ತನ್ನ ಹೆಸರು ಬರೆಯಲು ತೆಗೆದ ಪೆನ್ಸಿಲನ್ನು ಅವಳ ಕಡೆ ಚಾಚಿದ.

"ನನ್ನ ಸಿಂಹಾಸನದ ಮ್ಯಾಲ ನನಗಿಂತ ಮೊದಲ ನಿಂತಾಕಿ ಈಕಿ. ಮೊದಲ ಈಕಿನೇ ಬರೀಲಿ."

ಅವಳು ಮೊಣಕಾಲೂರಿ ಕುಳಿತು, ತಾನು ಎಂದೋ ಅಳೆದಿಟ್ಟಿದ್ದ ಜಾಗದಲ್ಲಿ ಬರೆದಳು: "ನೀಲಗಂಗಾ, ಐದನೆಯ ಹೆಜ್ಜೆ." ಅರವತ್ತೆರಡು.

ಮರುವರ್ಷದಿಂದ ಹೊರುವವರು, ಹೊಲಿಯುವವರು, ಬಣ್ಣ ಹಚ್ಚುವವರು, ಎಲ್ಲರೂ ಬರೆದರು. ದಾದಾಪೀರ ಬರೆದದ್ದು: "ದಾದಾಪೀರ, ಅವಸರದ ಹನ್ನೆರಡು."

ಈಗ ನನ್ನ ಒಂದು ಮೂಲೆ ಬಿರುಕು ಬಿಟ್ಟಿದೆ. ಹಗುರವಾದ ಪ್ಲೈವುಡ್ ಪೆಟ್ಟಿಗೆಗಳು ಬಂದಿವೆ. ನಾನು ತಾಲೀಮು ಕೋಣೆಯ ಕಿಟಕಿಯ ಕೆಳಗಿದ್ದೇನೆ. ನನ್ನ ಮೇಲೆ ಚಹಾ ಲೋಟಗಳ ವೃತ್ತಗಳು, ಒಂದರ ಮೇಲೊಂದು. ಹೆಸರು ಬರೆಯಲು ಮಾತ್ರ ಇಂದಿಗೂ ನನ್ನ ಬಳಿಗೇ ಬರುತ್ತಾರೆ.

ಪೆಟ್ಟಿಗೆ ಹೊರುವವರು ಈಗ ಐದನೆಯ ಹೆಜ್ಜೆಯಲ್ಲಿ ಒಂದು ಗಳಿಗೆ ನಿಂತು, ಆಮೇಲೆ ಉಳಿದೆರಡನ್ನು ಇಡುತ್ತಾರೆ. ಮೊನ್ನೆ ಹೊಸ ಹುಡುಗಿಯೊಬ್ಬಳು ಹೆಜ್ಜೆ ಕಲಿಸುತ್ತಿದ್ದ ಹಿರಿಯ ವಿದ್ಯಾರ್ಥಿನಿಯನ್ನು ಕೇಳಿದಳು: "ಇಲ್ಲಿ ಯಾಕ ನಿಂದರಬೇಕ್ರಿ ಅಕ್ಕಾ?"

"ಯಾರಿಗೆ ಗೊತ್ತವಾ! ಮೊದಲಿಂದ ಹಂಗಽ ಅದ. ಐದಕ್ಕ ನಿಂದರು, ತಲಿ ಎತ್ತು, ಮುಂದ ನಡಿ."

ಉತ್ತರ ನನ್ನೊಳಗಿದೆ. ಅವಸರವಿಲ್ಲ. ಇನ್ನೂ ಹತ್ತು ಹೆಸರುಗಳಿಗೆ ಜಾಗವಿದೆ. ಬರೆಯಲು ಬಗ್ಗಿದ ದಿನ ಆ ಹೊಸ ಹುಡುಗಿಯೇ ಓದಿಕೊಳ್ಳುತ್ತಾಳೆ.