ನೀರು ಹಾಕಬಾರದ ಗದ್ದೆ

ಮಂಗಳೂರಿನ ಕದ್ರಿಯ ಕಲಾ ಗ್ಯಾಲರಿಯೊಳಗೆ ಟಾನ್ಯಾ ಒಂದು ಗದ್ದೆ ಮಾಡಿದ್ದಳು. ಹಲಗೆ ಹೊಡೆದು, ಪ್ಲಾಸ್ಟಿಕ್ ಹಾಸಿ, ಉಳ್ಳಾಲದ ಆಚೆಯಿಂದ ಕೆಸರು ತರಿಸಿ, ಅದರಲ್ಲಿ ಭತ್ತದ ನೇಜಿ ನೆಟ್ಟು ಜೆಪ್ಪುವಿನ ಮನೆಯಂಗಳದಲ್ಲಿ ಬೆಳೆಸಿದ್ದಳು. ತೆನೆ ಹೊರಡುವ ಹೊತ್ತಿಗೆ ಎಲ್ಲವನ್ನೂ ಟೆಂಪೊದಲ್ಲಿ ತಂದು ಗ್ಯಾಲರಿಯ ದೀಪದ ಕೆಳಗೆ ಇಟ್ಟಳು. ಇನ್ನು ಇದಕ್ಕೆ ಯಾರೂ ನೀರು ಹಾಕುವ ಹಾಗಿಲ್ಲ. ಪ್ರದರ್ಶನ ಮುಗಿಯುವುದರೊಳಗೆ ಜನರ ಕಣ್ಣೆದುರಿಗೇ ಪೈರು ಒಣಗಿ ಸಾಯಬೇಕು, ಜನ ನೋಡಿಕೊಂಡು ಮುಂದೆ ಹೋಗಬೇಕು. ಮನುಷ್ಯನಿಗೂ ಪ್ರಕೃತಿಗೂ ಇರುವ ಸಂಬಂಧ ಇಷ್ಟೇ ಎಂಬುದು ಕೃತಿಯ ಅರ್ಥ. ಪಕ್ಕದ ಗೋಡೆಯ ಮೇಲೆ ಹಾಗೆಂದೇ ಬರೆದು ಹಾಕಿದ್ದಳು.

ಕೊನೆಯ ದಿನ ದೆಹಲಿಯಿಂದ ಕ್ಯುರೇಟರ್ ಬರುವವರಿದ್ದರು. ಅಲ್ಲಿಯ ದೊಡ್ಡ ಪ್ರದರ್ಶನವೊಂದಕ್ಕೆ ಕೃತಿಗಳನ್ನು ಆರಿಸುವವರು ಅವರೇ. ಶಾಲೆಯ ವಾರ್ಷಿಕೋತ್ಸವಗಳಿಗೆ ಪರದೆ ಬರೆದು, ಹುಟ್ಟುಹಬ್ಬಗಳಲ್ಲಿ ಮಕ್ಕಳ ಕೆನ್ನೆಗೆ ಚಿಟ್ಟೆ ಬಿಡಿಸಿ ಸಾಕಾಗಿ ಹೋಗಿದ್ದ ಟಾನ್ಯಾಳಿಗೆ ಇಂಥ ಅವಕಾಶ ಇದೇ ಮೊದಲ ಸಲ ಬಂದಿತ್ತು. ಪೈರು ಸಾಯುವುದೊಂದು ಬಾಕಿ.

ಪೈರು ಸಾಯಲಿಲ್ಲ.

ಮೊದಲು ಮಳೆಗಾಲದ ತೇವ ಎಂದುಕೊಂಡಳು. ಆಮೇಲೆ ಎಲೆಗಳು ಇನ್ನಷ್ಟು ಹಸಿರಾದವು. ಬೆರಳಿಟ್ಟು ನೋಡಿದರೆ ಕೆಸರು ಕೆಸರಾಗಿಯೇ ಇತ್ತು. ಗ್ಯಾಲರಿಯ ಮ್ಯಾನೇಜರ್ ಬಾಲಚಂದ್ರ ಭಟ್ಟರನ್ನು ಕೇಳಿದಳು. ಅವರು ಅರ್ಚಕರ ಮನೆತನದವರು. ಪೂಜೆಯನ್ನು ತಮ್ಮನಿಗೆ ಬಿಟ್ಟುಕೊಟ್ಟು ತಾವು ಕಲೆಯನ್ನು ಕಾಯುತ್ತಿದ್ದರು.

"ಎಸಿಯ ನೀರು ಬಿದ್ದಿರಬಹುದು," ಎಂದರು ಭಟ್ಟರು.

"ಎಸಿ ಆ ಗೋಡೆಯಲ್ಲಿ ಉಂಟು ಭಟ್ರೇ."

"ಹೌದಲ್ಲ," ಎಂದು ಭಟ್ಟರು ಎಸಿಯನ್ನು ಹೊಸದಾಗಿ ಕಂಡವರಂತೆ ನೋಡಿದರು.

ಟಾನ್ಯಾ 'ದಯವಿಟ್ಟು ನೀರು ಹಾಕಬೇಡಿ' ಎಂದು ಬೋರ್ಡ್ ಹಾಕಿದಳು. ಅದರಿಂದ ಕೆಲಸ ಪೂರ್ತಿ ಕೆಟ್ಟಿತು. ಗ್ಯಾಲರಿಯವರು ಹಾಕುತ್ತಾರೆ ಎಂದುಕೊಂಡು ಸುಮ್ಮನಿದ್ದವರಿಗೂ ಯಾರೂ ಹಾಕುತ್ತಿಲ್ಲ ಎಂಬ ವಿಷಯ ಬೋರ್ಡ್ ಓದಿ ಗೊತ್ತಾಯಿತು.

ಅವಳು ಒಂದು ದಿನ ಕಂಬದ ಮರೆಯಲ್ಲಿ ಕುಳಿತಳು. ಕಾಲೇಜಿನ ಹುಡುಗಿಯರು ಸೆಲ್ಫಿ ತೆಗೆದು, ಬಾಟಲಿಯ ನೀರನ್ನು ಗದ್ದೆಗೆ ಬಗ್ಗಿಸಿ ಹೋದರು. ಭಟ್ಟರಿಗೆ ಬುತ್ತಿ ತಂದ ಅವರ ಹೆಂಡತಿ ನೀರಜಾಕ್ಷಿ ಹೋಗುವಾಗ ಬಗ್ಗಿಸಿದರು. ಲೈಟ್ ರಿಪೇರಿಗೆ ಬಂದ ಸಲಾಂ ಬೋರ್ಡನ್ನು ಮೊದಲಿನಿಂದ ಕೊನೆಯವರೆಗೆ ಗಟ್ಟಿಯಾಗಿ ಓದಿ, ಆಮೇಲೆ ಬಗ್ಗಿಸಿದ.

"ಓದಿದ್ರಲ್ಲ?" ಎಂದು ಟಾನ್ಯಾ ಎದುರು ಬಂದು ಕೇಳಿದಳು.

"ಓದಿದೆ. ನಾನು ಹಾಕಿದ್ದಲ್ಲ ಮೇಡಂ, ಬಾಟಲಿಯಲ್ಲಿ ಸ್ವಲ್ಪ ಉಳಿದಿತ್ತು."

ನೀರಜಾಕ್ಷಿಯದ್ದೂ ಅದೇ ಮಾತು. "ಹಾಕಿದ್ದಲ್ಲ ಟಾನ್ಯಾ. ಉಳಿದದ್ದನ್ನು ಮನೆಗೆ ಯಾಕೆ ಹೊತ್ತುಕೊಂಡು ಹೋಗುವುದು?"

ಮಂಗಳೂರಿನಲ್ಲಿ ಯಾರೂ ನೀರು ಹಾಕಿರಲಿಲ್ಲ. ಎಲ್ಲರ ಬಾಟಲಿಯಲ್ಲೂ ಉಳಿದಿತ್ತು, ಅಷ್ಟೆ.

ಮರುದಿನದಿಂದ ಬಾಟಲಿಗಳನ್ನು ಬಾಗಿಲಲ್ಲೇ ಇಟ್ಟು ಬರಬೇಕೆಂದು ನಿಯಮವಾಯಿತು. ಭಟ್ಟರು ಒಲ್ಲದ ಮನಸ್ಸಿನಿಂದ ಅದನ್ನು ಪಾಲಿಸಿದರು. ಕೆಸರು ಬಿರಿಯಿತು, ಎಲೆಯ ತುದಿ ಸುರುಟಿಕೊಂಡಿತು. ಟಾನ್ಯಾಳಿಗೆ ಜೀವ ಬಂದ ಹಾಗಾಯಿತು.

ಅವಳಿಗೆ ಎಲ್ಲರಿಗಿಂತ ಹೆಚ್ಚು ಸಂಶಯ ಇದ್ದದ್ದು ತಾಯಿಯ ಮೇಲೆ. ನಿವೃತ್ತ ನರ್ಸ್ ಸೆವರಿನ್ ಬಾಯಿ ದಿನಾ ಮಧ್ಯಾಹ್ನ ಜೆಪ್ಪುವಿನಿಂದ ಬಸ್ಸಿನಲ್ಲಿ ಬಂದು, ಗದ್ದೆಯ ಎದುರು ಕುರ್ಚಿ ಹಾಕಿ ಕೂರುತ್ತಿದ್ದರು.

"ಮಮ್ಮಿ, ನಿಜ ಹೇಳು. ನೀನೂ ಹಾಕಿದ್ದಿಯಾ?"

"ನೀನು ಬೇಡ ಅಂದಿದ್ದಿಯಲ್ಲ ಮಗಳೇ. ಹಾಕಲಿಲ್ಲ."

"ಮತ್ತೆ ದಿನಾ ಯಾಕೆ ಬರುದು?"

ಸೆವರಿನ್ ಬಾಯಿ ತೆನೆಗಳ ಕಡೆ ನೋಡಿದರು. "ಕಾಳಿಗೆ ಹಾಲು ಕಟ್ಟುವ ಸಮಯ ಇದು. ವಾರ್ಡಿನಲ್ಲಿಯೂ ಹಾಗೆಯೇ ಇತ್ತು. ಡಾಕ್ಟರು ಇನ್ನು ಏನೂ ಕೊಡುದು ಬೇಡ ಅಂದ ಮೇಲೆ ನಾವು ಕೊಡ್ಲಿಕ್ಕಿಲ್ಲ. ಹತ್ತಿರ ಕೂತ್ಕೊಳ್ಳುದು."

ಟಾನ್ಯಾಳಿಗೆ ತಾಯಿಯ ಮೇಲೆ ಸಿಟ್ಟು ಬಂತು.

ಕ್ಯುರೇಟರ್ ಬರುವ ಹಿಂದಿನ ದಿನ ಬೆಳಿಗ್ಗೆ ಅವಳು ಒಂದು ಕಾಳನ್ನು ಉಗುರಿನಿಂದ ಒತ್ತಿದಳು. ಬಿಳಿ ಹಾಲು ಬೆರಳಿಗೆ ಅಂಟಿತು. ಎಲೆಗಳು ಅವಳಿಗೆ ಬೇಕಾದ ಹಾಗೆಯೇ ಸಾಯತೊಡಗಿದ್ದವು. ಕಲಾವಿದೆಯಾದ್ದರಿಂದ ಅವಳ ಬಾಟಲಿಗೆ ಬಾಗಿಲಿನ ನಿಯಮ ಇರಲಿಲ್ಲ. ಭಟ್ಟರು ತಿರುಗಿ ನೋಡುವಷ್ಟರಲ್ಲಿ ತುಂಬಿದ ಬಾಟಲಿ ಅರ್ಧ ಖಾಲಿಯಾಗಿತ್ತು.

"ಉಳಿದಿತ್ತು," ಎಂದಳು ಟಾನ್ಯಾ.

"ಉಳೀತದೆ," ಎಂದು ಭಟ್ಟರು ಒಳಗೆ ಹೋಗಿ ಒಂದು ಬಕೆಟ್ ನೀರು ತಂದಿಟ್ಟರು.

ದೆಹಲಿಯವರು ಬಂದಾಗ ಪೈರು ತಲೆಯೆತ್ತಿ ನಿಂತಿತ್ತು. ಅವರು ಗೋಡೆಯ ಬರಹವನ್ನು ಓದಿದರು, ಬೋರ್ಡನ್ನು ಓದಿದರು, ಗದ್ದೆಗೆ ಒಂದು ಸುತ್ತು ಬಂದರು.

"ಇದು ಸತ್ತಿರಬೇಕಿತ್ತಲ್ಲವೇ?"

"ಜನ ನೀರು ಹಾಕಿದರು," ಎಂದಳು ಟಾನ್ಯಾ. ಯಾವ ಜನ ಎಂದು ಹೇಳಲಿಲ್ಲ.

"ಚಿಂತೆಯಿಲ್ಲ. ಕಲ್ಪನೆ ಗಟ್ಟಿಯಾಗಿದೆ, ನಾನು ಆರಿಸಿದ್ದೇನೆ. ಮುಂದಿನ ವಾರ ಲಾರಿ ಬರುತ್ತದೆ. ಒಂದು ತೆನೆಯೂ ಕಡಿಮೆಯಾಗದಂತೆ ಹೀಗೆಯೇ ಕಳಿಸಿ. ದೆಹಲಿಯಲ್ಲಿ ಯಾರೂ ನೀರು ಹಾಕುವುದಿಲ್ಲ, ಅದು ನನ್ನ ಜವಾಬ್ದಾರಿ."

ಟಾನ್ಯಾ ಇಷ್ಟು ದಿನ ಹುಡುಕಿದ್ದು ಇಂಥ ಊರನ್ನೇ. ಅವಳು ಥ್ಯಾಂಕ್ಸ್ ಹೇಳಿ ಅವರನ್ನು ಕಾರಿನವರೆಗೆ ಬಿಟ್ಟು ಬಂದಳು.

ಒಳಗೆ ಭಟ್ಟರು ಗದ್ದೆಯ ಬದಿಯಲ್ಲಿ ನಿಂತಿದ್ದರು. "ಹೇಳ್ಬಾರ್ದು ಅಂತ ಇದ್ದೆ," ಎಂದರು. "ನಾಡಿದ್ದು ನಮ್ಮಲ್ಲಿ ಹೊಸ ತೆನೆ ತಂದು ಮನೆ ತುಂಬಿಸ್ಲಿಕ್ಕುಂಟು. ಬಾಗಿಲಿಗೆ ಕಟ್ಲಿಕ್ಕೆ ನಾಲ್ಕು ತೆನೆ ಬೇಕಿತ್ತು. ಪೇಟೆಯಲ್ಲಿ ಸಿಗ್ತದೆ, ಆದರೆ ಅದಕ್ಕೆ ನಾವು ನೀರು ಹಾಕಿದ್ದಲ್ಲವಲ್ಲ."

ಪ್ರದರ್ಶನ ಶುರುವಾದ ಮೇಲೆ ನೀರು ಹಾಕಿದ್ದನ್ನು ಒಪ್ಪಿಕೊಂಡವರಲ್ಲಿ ಅವರೇ ಮೊದಲಿಗರು.

ಸೆವರಿನ್ ಬಾಯಿ ಕುರ್ಚಿಯಲ್ಲಿ ಕುಳಿತೇ ಇದ್ದರು. ಅದೇ ವಾರ ಮೊಂತಿ ಫೆಸ್ತ್. ಮಾತೆ ಮರಿಯಮ್ಮನ ಹುಟ್ಟುಹಬ್ಬದ ದಿನ ಹೊಸ ತೆನೆಯ ಕಾಳು ಸುಲಿದು, ಅರೆದು, ತೆಂಗಿನ ಹಾಲಿನಲ್ಲಿ ಕಲಸಿ ಮನೆಮಂದಿಯೆಲ್ಲ ಒಂದೊಂದು ಚಮಚ ತಿಂದ ಮೇಲೆಯೇ ಊಟ. ಅವರು ತೆನೆ ಕೇಳಲಿಲ್ಲ. ಚೀಲ ಎತ್ತಿಕೊಂಡು, "ಬಸ್ಸಿಗೆ ಹೊತ್ತಾಯ್ತು," ಎಂದರು.

"ಕೂತ್ಕೋ ಮಮ್ಮಿ," ಎಂದಳು ಟಾನ್ಯಾ. ಪ್ರದರ್ಶನದ ಉದ್ಘಾಟನೆಗೆ ರಿಬ್ಬನ್ ಕತ್ತರಿಸಿದ ಕತ್ತರಿ ಮೇಜಿನ ಮೇಲಿತ್ತು. ಅದನ್ನು ತೆಗೆದುಕೊಂಡು ಬಗ್ಗಿದಳು.

ಹಬ್ಬದ ದಿನ ಸೆವರಿನ್ ಬಾಯಿ ಪ್ರಾರ್ಥನೆ ಮುಗಿಸಿ ಮೊದಲ ಚಮಚ ಮಗಳ ಬಾಯಿಗೆ ಹಾಕಿದರು. ಟಾನ್ಯಾಳಿಗೆ ಅಳು ಬಂತು. ದೆಹಲಿಗಾಗಿಯೋ ಅಕ್ಕಿಗಾಗಿಯೋ ಅವಳಿಗೇ ತಿಳಿಯಲಿಲ್ಲ. ತಾಯಿ ಇನ್ನೊಂದು ಚಮಚ ಹಾಕಿದರು.

ಲಾರಿಯವರು ಬಂದು, ತೆನೆ ಕೊಯ್ದು ಉಳಿದ ಬರೀ ಕೂಳೆಯ ಫೋಟೊ ತೆಗೆದು ದೆಹಲಿಗೆ ಕಳಿಸಿದರು. ಕ್ಯುರೇಟರ್ ಫೋನ್ ಮಾಡಿದಾಗ ಟಾನ್ಯಾ ಒಂದು ಹುಟ್ಟುಹಬ್ಬದಲ್ಲಿದ್ದಳು. ಬಿಡಿಸುತ್ತಿದ್ದ ಚಿಟ್ಟೆಗೆ ಒಂದು ರೆಕ್ಕೆ ಬಾಕಿ ಇತ್ತು.

"ತೆನೆಗಳು ಎಲ್ಲಿ?"

"ತಿಂದೆವು," ಎಂದಳು ಟಾನ್ಯಾ.

"ಹಾಗಾದರೆ ಇಲ್ಲಿ ತೋರಿಸಲು ಏನೂ ಇಲ್ಲ."

"ಇಲ್ಲ."

"ಅಷ್ಟನ್ನೂ ತಿಂದಿರಾ?"

"ಇಲ್ಲ, ಸ್ವಲ್ಪ ಉಳಿದಿತ್ತು. ನೀರು ಹಾಕಿದವರಿಗೆ ಹಂಚಿದೆವು."