ಬಾರೆಂಡ್ ಮಗಳನ್ನು ಕರೆದೊಯ್ಯಲು ಬಂದ

ಇಂಗ್ಲಿಷರ ಸೆರೆಶಿಬಿರದಲ್ಲಿ ಡೇರೆಯ ಬಟ್ಟೆ ಗಾಳಿಗೆ ಉಬ್ಬುತ್ತದೆ, ಇಳಿಯುತ್ತದೆ, ಮತ್ತೆ ಉಬ್ಬುತ್ತದೆ, ಬಟ್ಟೆಗಾದರೂ ಉಸಿರಿದೆ ಎಂದು ಆಲೆಟಾಳಿಗೆ ಅನ್ನಿಸಿತು, ಅನ್ನಿಸಿದ್ದು ಎಲ್ಲೂ ನಾಟಲಿಲ್ಲ, ಬಂಡೆಯ ಮೇಲೆ ಹೊಯ್ದ ನೀರಿನಂತೆ ಹರಿದುಹೋಯಿತು — ಮಗಳು ಸೂಸಾರ ಬೆಳಗಿನ ಜಾವ ಪ್ರಾಣ ಬಿಟ್ಟಳು, ದಡಾರದ ಕಲೆ ಮಾಯುತ್ತಿದೆ ಅಂದಿದ್ದಳು ದಾದಿ, ಮಾಯುತ್ತಿದ್ದದ್ದು ನಿಜ, ಈಗ ಕಂದು ಕಂಬಳಿಯಲ್ಲಿ ಸುತ್ತಿ ನೆಲದ ಮೇಲೆ ಮಲಗಿಸಿದೆ, ಅಳಬೇಕು, ಅಳು ಎಲ್ಲಿದೆ, ಪಕ್ಕದ ಡೇರೆಯ ಎಂಗೆಲಾ ದೊಡ್ಡಮ್ಮ ಬಂದು ಮಗುವಿನ ಕಣ್ಣು ಮುಚ್ಚಿಸಿದಳು, ಶವಪೆಟ್ಟಿಗೆಗೆ ಹಲಗೆ ಸಿಗೋಲ್ಲ ಕಣೇ, ಸೋಪಿನ ಪೆಟ್ಟಿಗೆಗಳೂ ಮುಗಿದ್ವಂತೆ, ಹಿಂಗೇ ಸುತ್ತಿ ಕಳಿಸೋಣ, ಕೂತ್ಕೋ, ಗಾಡಿ ಬರುತ್ತೆ. ಗಾಡಿ — ಇಲ್ಲಿಗೆ ಹಿಡಿದು ತಂದ ಅವತ್ತೂ ಗಾಡಿಯೇ, ಇಂಗ್ಲಿಷ್ ಸಿಪಾಯಿಗಳು ಅಂಗಳಕ್ಕೆ ತಂದು ನಿಲ್ಲಿಸಿದ್ದು, ಬೇಗ ಅಮ್ಮಾ, ಏನು ಬೇಕೋ ತಗೊಳ್ಳಿ, ಮನೆಗೆ ಬೆಂಕಿ ಇಡ್ಬೇಕು, ಎಂದ ಮೀಸೆ ಚಿಗುರದ ಅಧಿಕಾರಿ, ನಾಚಿಕೊಂಡೇ ಅಂದ, ಅವಳು ಒಳಗೆ ಓಡಿ ಹೊತ್ತು ತಂದದ್ದು ಬೈಬಲ್ಲಲ್ಲ, ಹೊದಿಕೆಯಲ್ಲ, ಕಾಫಿ ಬೀಸುವ ಯಂತ್ರ, ಯಾಕೆಂದು ಇವತ್ತಿಗೂ ಗೊತ್ತಿಲ್ಲ, ಹಿಂದೆ ಹೊಗೆ, ದೊಡ್ಡಿಯಲ್ಲೇ ಸಿಪಾಯಿಗಳು ಇರಿದ ಕುರಿಗಳ ಕೂಗು, ಮಡಿಲಲ್ಲಿ ಸೂಸಾರ ಕೇಳುತ್ತಾಳೆ, ಅಮ್ಮಾ, ಅಪ್ಪ ಯುದ್ಧದಿಂದ ಬಂದ್ರೆ ನಾವೆಲ್ಲಿದೀವಿ ಅಂತ ಹೆಂಗೆ ಗೊತ್ತಾಗುತ್ತೆ, ಗೊತ್ತಾಗುತ್ತೆ ಬಿಡು.

ಗೊತ್ತಾಯಿತು. ಬಾಗಿಲ ಬಟ್ಟೆ ಎತ್ತಿ ನಿಂತಿದ್ದಾನೆ ಬಾರೆಂಡ್, ಗಂಡ, ಮೈಮೇಲೆ ಇಂಗ್ಲಿಷರ ಖಾಕಿ ಕೋಟು — ಅವನು ಶರಣಾಗಿ ಬಂದೂಕು ಕೆಳಗಿಟ್ಟ ಸುದ್ದಿ ಚಳಿಗೆ ಮುಂಚೆಯೇ ಬಂದಿತ್ತು, ಆಮೇಲೆ ಇನ್ನೊಂದು, ಅವರ ದಂಡಿಗೆ ದಾರಿ ತೋರಿಸುತ್ತಾನಂತೆ, ಅವಳ ತಮ್ಮ ಫ್ಲೋರಿಸ್ ಇನ್ನೂ ಗುಡ್ಡದಲ್ಲಿದ್ದು ಇಂಗ್ಲಿಷರ ಮೇಲೆ ಕಾದಾಡುತ್ತಿದ್ದಾನೆ, ಯಾವ ಗುಡ್ಡವೆಂದು ಬಾರೆಂಡನಿಗೆ ಗೊತ್ತು — ಆ ಸುದ್ದಿ ಬಂದಂದೇ ನೀರಿನ ಸಾಲಿನಲ್ಲಿ ಹೆಂಗಸರು ದೂರ ಸರಿದಿದ್ದರು, ಬಂದ್ಲು ಕೈಯೆತ್ತಿದವನ ಹೆಂಡ್ತಿ, ಬಕೆಟ್ ತಾಗಿಸ್ಕೋಬೇಡ್ರೇ, ಮೊದಲು ಅಂದವಳು ಎಂಗೆಲಾ ದೊಡ್ಡಮ್ಮನೇ, ಅವಳ ಗಂಡುಮಕ್ಕಳೂ ಗುಡ್ಡದಲ್ಲಿದ್ದಾರೆ. ಆಲೆಟಾ, ಅನ್ನುತ್ತಾನೆ, ಹೊರಡು, ಅಪ್ಪಣೆ ತಂದಿದೀನಿ, ಊರಲ್ಲಿ ಮನೆ ಕೊಟ್ಟಿದಾರೆ, ಮಾಂಸ ಸಿಗುತ್ತೆ, ಮಗೂಗೆ ಹಾಲು, ಇದಕ್ಕೇ ಕಣೇ ನಾನು ಒಪ್ಕೊಂಡಿದ್ದು, ಬೈಯೋದಿದ್ರೆ ಆಮೇಲೆ ಬೈಯಿ. ಗಡ್ಡ ಬೋಳಿಸಿದ್ದಾನೆ, ಗಲ್ಲದ ಮೇಲೊಂದು ಗಾಯದ ಗುರುತು, ಅವಳು ಕಂಡರಿಯದ್ದು, ಹೇಳಬೇಕು, ನಾಲಿಗೆ ಇನ್ಯಾರದ್ದೋ, ಮಲಗಿದಾಳಾ, ಎಬ್ಬಿಸ್ಬೇಡ ಪಾಪ, ಎಂದು ಬಗ್ಗಿ ಕಂಬಳಿ ಸಮೇತ ಎತ್ತಿಕೊಂಡೇಬಿಟ್ಟ, ಮುಖ ಮುಚ್ಚಿದ್ದು ಧೂಳಿಗೆಂದುಕೊಂಡನೇನೋ, ಅಯ್ಯೋ ಇವಳೇನೇ ಇಷ್ಟು ಹಗುರ, ಹೊಟ್ಟೆಗೇ ಹಾಕಿಲ್ವಾ ಇವರು, ಈಗಲಾದರೂ ಹೇಳಬೇಕು, ಆದರೆ ಅವನು ತೂಗುತ್ತಿದ್ದಾನೆ, ಹಳೆಯ ಮನೆಯ ಜಗುಲಿಯಲ್ಲಿ ತೂಗುತ್ತಿದ್ದ ಹಾಗೆಯೇ, ತೂಗಲಿ, ಇನ್ನೊಂದು ಚೂರು ತೂಗಲಿ.

ಹೊರಗೆ ಬಿಸಿಲು, ಬಿಸಿಯಿಲ್ಲದ ಬಿಸಿಲು, ಡೇರೆಗಳ ನಡುವೆ ಅವನು ಮುಂದೆ, ಅವಳು ಹಿಂದೆ, ಎಂಗೆಲಾ ದೊಡ್ಡಮ್ಮ ಉಗಿಯಲು ಬಾಯಲ್ಲಿ ಉಗುಳು ಕೂಡಿಸಿದವಳು ಕಂಬಳಿ ಕಂಡು ನುಂಗಿಕೊಂಡಳು, ಎದ್ದಳು, ಅವಳು ಎದ್ದದ್ದಕ್ಕೆ ಪಕ್ಕದವಳು ಎದ್ದಳು, ಅದರಾಚೆಯವಳು, ಸಾಲುಸಾಲಾಗಿ ಹೆಂಗಸರು ಎದ್ದು ತಲೆ ತಗ್ಗಿಸಿ ನಿಂತರು, ನೋಡಿದ್ಯೇನೇ, ಎನ್ನುತ್ತಾನೆ ಬಾರೆಂಡ್ ಮೆಲ್ಲಗೆ, ಕಲ್ಲು ಹೊಡೀತಾರೆ ಅಂದ್ಕೊಂಡೇ ಬಂದಿದ್ದೆ, ಇವರಿಗೂ ಸಾಕಾಗಿದೆ ಯುದ್ಧ, ಅವನ ಬೆನ್ನು ನೆಟ್ಟಗಾಯಿತು, ಅಷ್ಟು ನೆಟ್ಟಗೆ ಅವನು ನಡೆದದ್ದು ಮದುವೆಯ ದಿನ, ಯಾರಾದರೂ ಹೇಳಿ, ಯಾರೂ ಹೇಳುವುದಿಲ್ಲ, ಕಂಬಳಿ ಜಾರಿ ಪಾದವೊಂದು ಹೊರಬಿತ್ತು, ಕಾಲುಚೀಲ ಕಳಚಿ ಬೆರಳಿಗೆ ನೇತಾಡುತ್ತಿದೆ, ಹಿಮ್ಮಡಿ ಅವನ ಕೋಟಿನ ಹಿತ್ತಾಳೆ ಗುಂಡಿಗೆ ತಾಗುತ್ತದೆ, ಹೆಜ್ಜೆಗೊಮ್ಮೆ ತಾಗುತ್ತದೆ, ಕಾಲು ತಣ್ಣಗಾಗಿದೆ ಕಣೇ, ಚೀಲ ಏರಿಸು, ಎಂದು ನಿಂತ. ಆಲೆಟಾ ಮಂಡಿಯೂರಿದಳು, ಹಿಮ್ಮಡಿಯನ್ನು ಅಂಗೈಯಲ್ಲಿ ಹಿಡಿದಳು, ಚೀಲ ಏರುತ್ತಿಲ್ಲ, ಪಾದ ಬಾಗುತ್ತಿಲ್ಲ, ಆಯ್ತೇನೇ, ಅನ್ನುತ್ತಾನೆ, ಅವಳು ಏಳಲ್ಲ ಬಾರೆಂಡ್, ಜಾವದಲ್ಲೇ ಹೋದ್ಲು — ಅಂದದ್ದು ತನ್ನದೇ ದನಿಯಿರಬೇಕು, ಮೇಲೆ ಅವನ ಕೈ ಕಂಬಳಿಯ ಅಂಚು ಸರಿಸಿತು, ಅವನ ಮುಖ ನೋಡಬೇಕು, ನೋಡಲಾರಳು, ಹಿಮ್ಮಡಿ, ಅಂಗೈಯಲ್ಲಿ, ಒಂದು ಬಿರುಕೂ ಇಲ್ಲದ, ಹಿಮ್ಮಡಿ