ಆರನೇ ಕುಳಿಯ ಬಣವೆ

ಆರನೇ ಕುಳಿಯ ಹತ್ತಿರ ಅಗೆದಾಗ ಏನೂ ಸಿಗಲಿಲ್ಲ. ಏನೂ ಸಿಗದಿದ್ದುದಕ್ಕೇ ನೀಲಮ ಗಾಬರಿಬಿದ್ದಳು.

ನಿಪ್ಪಾಣಿಯಿಂದ ಅಕ್ಕೋಳಕ್ಕೆ ಹೋಗುವ ದಾರಿಯಲ್ಲಿ ಒಂದು ಕಲ್ಲುಮಾಳ ಉಂಟು. ಹಿಂದೆ ತಂಬಾಕು ಕೊಳ್ಳಲು ಬಂದ ಬಿಳಿ ಸಾಹೇಬರು ಸಂಜೆ ಹೊತ್ತು ಹೋಗದೆ ಅಲ್ಲಿ ಒಂಬತ್ತು ಕುಳಿಗಳ ಗಾಲ್ಫ್ ಮೈದಾನ ಮಾಡಿಕೊಂಡಿದ್ದರು. ಅವರು ಹೋದರು, ದನ ಬಂದವು, ಜಾಲಿ ಬೆಳೆಯಿತು. ಈಗ ಊರಿನ ದೊಡ್ಡವರೆಲ್ಲ ಸೇರಿ ಒಂದು ಟ್ರಸ್ಟ್ ಕಟ್ಟಿ, ಮೈದಾನವನ್ನು ಮೊದಲು ಹೇಗಿತ್ತೋ ಹಾಗೇ ಮಾಡಬೇಕು, ಗೇಣು ಆಚೀಚೆ ಆಗಬಾರದು ಎಂದು ಪಟ್ಟು ಹಿಡಿದಿದ್ದರು. ಪುಣೆಯಿಂದ ಸಂಗ್ರಾಮ ಎಂಬ ವಿನ್ಯಾಸಕಾರರನ್ನು ಕರೆಸಿದ್ದರು. ಅವರ ಕೈಕೆಳಗೆ ಸೈಟ್ ಸೂಪರ್‌ವೈಸರ್ ನಮ್ಮ ನೀಲಮ. ಚಿಕ್ಕೋಡಿಯಲ್ಲಿ ಡಿಪ್ಲೊಮಾ ಓದಿದವಳು, ಅಕ್ಕೋಳದ ಕೂಲಿಯವರ ಮನೆಯ ಮಗಳು. ಗಾಲ್ಫ್ ಎಂದರೆ ಏನೆಂದು ಆರು ತಿಂಗಳ ಹಿಂದೆ ಅವಳಿಗೆ ಗೊತ್ತಿರಲಿಲ್ಲ. ಈಗ ಕನಸಿನಲ್ಲೂ ಕುಳಿ ಅಗೆಯುತ್ತಿದ್ದಳು.

ಅಗೆಯುವುದೇ ಅವಳ ಕೆಲಸ. ನೀರಿಲ್ಲದ ಮಾಳದಲ್ಲಿ ಸಾಹೇಬರು ಹುಲ್ಲು ಬೆಳೆಸುವ ಗೋಜಿಗೆ ಹೋಗದೆ, ಪ್ರತಿ ಕುಳಿಯ ಸುತ್ತ ಮರಳಿಗೆ ಎಣ್ಣೆ ಕಲಸಿ ಬಡಿದು ನುಣ್ಣನೆಯ ಅಂಗಳ ಮಾಡಿದ್ದರು. ಮೊದಲ ಅಂಗಳದ ಕಪ್ಪು ಮರಳು ಮೊಳದ ಆಳದಲ್ಲಿ ಕಂಡ ದಿನ ನೀಲಮ ತಗ್ಗಿನೊಳಗೇ ಕುಣಿದಿದ್ದಳು. ಸಂಗ್ರಾಮ ಸಾಹೇಬರೂ ಬೂಟು ಬಿಚ್ಚಿ ತಗ್ಗಿಗಿಳಿದು ಮೂಸಿ ನೋಡಿದ್ದರು.

ಆರನೇ ಕುಳಿಯದು ಮಾತ್ರ ಬೇರೆಯೇ ಕತೆ. ಅದರ ಅಂಗಳ ಸಿಕ್ಕಿತ್ತು, ಆದರೆ ಅಂಗಳದ ಮುಂದೆ ಒಂದು ದೊಡ್ಡ ದಿಬ್ಬ ಇರಬೇಕಿತ್ತು. ೧೯೩೮ರ ಹಳೇ ಫೋಟೋದಲ್ಲಿ ಅದು ಆನೆ ಮಲಗಿದ ಹಾಗೆ ಕಾಣುತ್ತಿತ್ತು. ಹನ್ನೆರಡು ಅಡಿ ಎತ್ತರ, ಮೂವತ್ತು ಅಡಿ ಉದ್ದ ಎಂದು ಸಂಗ್ರಾಮ ಲೆಕ್ಕ ಹಾಕಿದ್ದರು. ಆ ದಿಬ್ಬದ ಮೇಲೆ ಅವರಿಗೆ ಪ್ರೀತಿಯೇ ಹುಟ್ಟಿಬಿಟ್ಟಿತ್ತು.

“ಪಡುವಣ ಕಡೆ ಆ ಸಾಹೇಬ ಹೆಂಗ ಇಳಕಲ ಬಿಟ್ಟಾನ ನೋಡ ನೀಲಮ. ಕಾಯ ಡೋಕಂ ಬಗಾ. ಏನ ತಲಿ ಇದ್ದೀತು ಅಂವಂದು. ಇಡೀ ಮೈದಾನದಾಗ ಇದೊಂದ ಕುಳಿ ಸಾಕು, ಅಂವ ಎಂಥಾ ಕಲಾಕಾರ ಅಂತ ಹೇಳಾಕ.”

ನಾಳೆ ಬೆಳಿಗ್ಗೆ ನಲವತ್ತು ಟಿಪ್ಪರ್ ಕೆಮ್ಮಣ್ಣು ಬರುವುದಿತ್ತು. ಉದ್ಘಾಟನೆಗೆ ಎಂಟೇ ದಿನ. ಇಂಥ ಹೊತ್ತಿನಲ್ಲಿ ನೀಲಮ ಅಗೆದರೆ, ಹೊರಗಿನಿಂದ ತಂದು ಹಾಕಿದ ಮಣ್ಣಿನ ಒಂದು ಹೆಂಟೆಯೂ ಇಲ್ಲ. ಕೆಳಗೆ ಮಾಳದ ಗರಸು, ಬರೀ ಕಲ್ಲುಹರಳು. ಅದರ ಮೇಲೆ ಬೆರಳು ದಪ್ಪದ, ಹಗುರವಾದ, ಕರಿಯ ಪದರ. ಹಿಡಿ ತುಂಬ ಎತ್ತಿ ಮೂಸಿದಳು. ಮಳೆಗಾಲದ ಕೊಟ್ಟಿಗೆಯ ವಾಸನೆ.

“ಎಂಬತ್ತ ವರ್ಷದ ಮಳಿ. ಮಣ್ಣ ಕೊಚ್ಚಿಕೊಂಡ ಹೋಗೈತಿ,” ಎಂದರು ಸಂಗ್ರಾಮ.

“ಸರ್, ಒಂದ ಬುಟ್ಟಿನೂ ಉಳೀದಂಗ ಹೋಗತೈತೇನ್ರಿ?”

ಅವರು ಟಿಪ್ಪರಿನವನಿಗೆ ಫೋನ್ ಹಚ್ಚಿದರು.

ನೀಲಮ ಮನೆಗೆ ಬಂದಳು, ತಲೆಯೊಳಗೆ ಹುಳ ಬಿಟ್ಟುಕೊಂಡೇ ಬಂದಳು. ತಾಯಿ ಅಕ್ಕುತಾಯಿ ಒಲೆಯ ಮುಂದೆ ರೊಟ್ಟಿ ಬಡಿಯುತ್ತಿದ್ದಳು. ಪಕ್ಕದಲ್ಲಿ ಕುಳಿತು ಮೊಬೈಲಿನಲ್ಲಿ ಫೋಟೋ ಹಿಗ್ಗಿಸಿ ನೋಡುತ್ತಿದ್ದ ಮಗಳ ಕಡೆ ಅಕ್ಕುತಾಯಿ ಒಮ್ಮೆ ಕಣ್ಣು ಹಾಯಿಸಿದಳು.

“ಬಣವಿ ಫೋಟೋ ಯಾಕ ನೋಡಾಕತ್ತೀ ಬೇ?”

ನೀಲಮಳ ಕೈಯಿಂದ ಮೊಬೈಲ್ ಜಾರಿ ಹಿಟ್ಟಿನೊಳಗೆ ಬಿತ್ತು.

ಬಣವೆ! ಜೋಳದ ಕಣಿಕೆಯನ್ನು ಸೂಡು ಕಟ್ಟಿ ವರ್ಷದ ಮೇವಿಗೆಂದು ಒಟ್ಟುವ ಬಣವೆ. ಹುಟ್ಟಿದಾಗಿನಿಂದ ನೋಡಿದ್ದಾಳೆ, ಅದರ ನೆರಳಿನಲ್ಲಿ ಮಲಗಿ ಬೆಳೆದಿದ್ದಾಳೆ. ಆರು ತಿಂಗಳು ಇಂಗ್ಲಿಷ್ ನಕ್ಷೆ ನೋಡಿದ್ದೇ ತಡ, ಕಣ್ಣೆದುರಿನ ಬಣವೆ ದಿಬ್ಬವಾಗಿಬಿಟ್ಟಿತ್ತಲ್ಲ! ನಗಬೇಕೋ ಹಣೆ ಚಚ್ಚಿಕೊಳ್ಳಬೇಕೋ ಅವಳಿಗೆ ತಿಳಿಯಲಿಲ್ಲ.

ಅಕ್ಕುತಾಯಿ ಕೈಯ ಹಿಟ್ಟು ಒರೆಸಿಕೊಂಡು ಮೊಬೈಲನ್ನು ಹತ್ತಿರ ಹಿಡಿದಳು. ನೋಡುತ್ತ ನೋಡುತ್ತ ಅವಳ ಮುಖವೇ ಬೇರೆಯಾಯಿತು.

“ಇದು ನಮ್ಮ ಮುತ್ಯಾ ಒಟ್ಟಿದ್ದ. ನಿಮ್ಮಪ್ಪನ ಅಜ್ಜ, ಬಾಳು ಮುತ್ಯಾ. ಪಡುವಣ ಮಗ್ಗಲ ನೋಡ. ಮಳಿ ಆ ಕಡಿಂದ ಹೊಡೀತೈತಿ, ನೀರ ಒಳಗ ಇಳೀಬಾರದು ಅಂತ ಆ ಹೆಗಲ ಇಳಿಸಿ ಒಟ್ಟತಿದ್ದ. ಈ ಸೀಮಿಯಾಗ ಮತ್ತ ಯಾರೂ ಹಂಗ ಒಟ್ಟಂಗಿಲ್ಲ. ಮುತ್ಯಾ ದುಡೀತಿದ್ದ ಕೆಂಚವ್ವಾರ ಮನೀ ಬಣವಿ ಮಾಳದ ಮ್ಯಾಲ ಇರ್ತಿತ್ತಂತ. ಮಳಿಗಾಲದಾಗ ಬಿಚ್ಚಿದ್ರ ಒಳಗ ಸಾಹೇಬರ ಬಿಳಿ ಚೆಂಡ ಸಿಗ್ತಿದ್ವು ಅಂತ ಮುತ್ಯಾ ನಗ್ತಿದ್ದ.”

“ನಿನಗ ಹಂಗ ಒಟ್ಟಾಕ ಬರತೈತೇನ ಆಯಿ?”

“ನಾ ಲಗ್ನ ಆಗಿ ಬಂದಾಗ ಮುತ್ಯಾಗ ಎಂಬತ್ತ ದಾಟಿದ್ವು. ಕೆಳಗ ಕುಂತ ಕೋಲ ತೋರಿಸಿ ತೋರಿಸಿ ನನ್ನ ಕಡಿಂದನ ಒಟ್ಟಸ್ತಿದ್ದ.”

ಮರುದಿನ ಹೊತ್ತು ಹುಟ್ಟುವ ಮೊದಲೇ ತಾಯಿ ಮಗಳು ಮಾಳದ ಮೇಲಿದ್ದರು. ಮೊದಲ ಟಿಪ್ಪರ್ ಹಿಂದಕ್ಕೆ ಸರಿಯುತ್ತಿದ್ದಾಗ ನೀಲಮ ಅದರ ಹಿಂದೆ ಹೋಗಿ ಎರಡೂ ಕೈ ಎತ್ತಿ ನಿಂತುಬಿಟ್ಟಳು. ಸಂಗ್ರಾಮ ಕೆಂಡಾಮಂಡಲವಾದರು. ಅದು ದಿಬ್ಬ ಅಲ್ಲ, ಮುತ್ಯಾ ಒಟ್ಟಿದ ಬಣವೆ ಎಂದ ಕೂಡಲೇ ಕೆಂಡದ ಮೇಲೆ ತುಪ್ಪ ಸುರಿದಂತಾಯಿತು.

“ನಾ ಟ್ರಸ್ಟಿನವರಿಗೆ ಏನ ಹೇಳ್ಲಿ? ಕಲಾಕಾರ ಅಲ್ಲ, ದನದ ಮೇವು ಅಂತ ಹೇಳ್ಲಿ?”

“ಇವತ್ತೊಂದ ದಿನ ಕೊಡ್ರಿ ಸರ್. ಇಲ್ಲೇ ಒಟ್ಟಿ ತೋರಿಸ್ತೀವಿ. ಫೋಟೋಕ್ಕ ಹೊಂದಲಿಲ್ಲಂದ್ರ ನಾಳಿಗೆ ಮಣ್ಣ ಹಾಕ್ರಿ.”

“ಹೊಂದಲಿಲ್ಲಂದ್ರ ನಾಳಿಗೆ ನೀನೂ ಬ್ಯಾರೆ ಕೆಲಸ ನೋಡಕೊ,” ಎಂದರು ಸಂಗ್ರಾಮ. ತಮಾಷೆಯ ದನಿ ಅಲ್ಲ.

ಕಣಿಕೆ ಎಲ್ಲಿಂದ ತರುವುದು? ಅಷ್ಟು ಕಣಿಕೆ ಇದ್ದದ್ದು ಕೆಂಚವ್ವನ ಮನೆಯಲ್ಲಿ ಮಾತ್ರ. ಮಾಳದ ಕೆಳಗಿನ ಕಬ್ಬು, ದ್ರಾಕ್ಷಿಯೆಲ್ಲ ಅವರದೇ. ಅಕ್ಕುತಾಯಿ ಮೂವತ್ತು ವರ್ಷ ಕಳೆ ತೆಗೆದದ್ದೂ ಅವರ ಹೊಲದಲ್ಲೇ. ಹಳೇ ಕಣದ ಜಾಗಕ್ಕೆ ದ್ರಾಕ್ಷಿ ಹಚ್ಚಿ, ಈಗ ಮೇವನ್ನು ಕಬ್ಬಿನ ಬದುವಿನ ಹಸಿಯಲ್ಲಿ ಇಟ್ಟುಕೊಂಡು ಕೆಂಚವ್ವ ಒದ್ದಾಡುತ್ತಿದ್ದಳು. ಮಾಳದ ಮೂಲೆಯಲ್ಲಿ ಒಂದು ಬಣವೆಗೆ ಜಾಗ ಕೊಡು ಎಂದು ಹೋದ ತಿಂಗಳು ಕೇಳಲು ಬಂದವಳಿಗೆ, ಮೂಲ ವಿನ್ಯಾಸ ಕೆಡುತ್ತದೆ ಎಂದು ಇದೇ ನೀಲಮ ಬೇಲಿಯ ಹೊರಗೇ ಉತ್ತರ ಹೇಳಿ ಕಳಿಸಿದ್ದಳು. ಈಗ ಅದೇ ಬಾಯಿಂದ ಅವಳ ಅಂಗಳದಲ್ಲಿ ನಿಂತು ಕೇಳಬೇಕಾಯಿತು.

ಕೆಂಚವ್ವ ಎಲ್ಲ ಕೇಳಿದಳು. ಅಡಿಕೆ ಕತ್ತರಿಸುವ ಕೈ ನಿಲ್ಲಲಿಲ್ಲ. “ಹೋದ ತಿಂಗಳ ಬ್ಯಾಡಾಗಿದ್ದ ಬಣವಿ ಇವತ್ತ ಬೇಕಾತೇನವ್ವಾ?”

“ತಪ್ಪಾತ್ರಿ ಅವ್ವಾರ. ನಮಗ ಗೊತ್ತಾಗಲಿಲ್ಲ.”

ಕೆಂಚವ್ವ ಅಕ್ಕುತಾಯಿಯ ಕಡೆ ತಿರುಗಿದಳು. “ಒಟ್ಟಾವ್ರು ಯಾರು? ನೀನಾ? ಹಂಗಾದ್ರ ಒಯ್ರಿ. ಹಸಿಯಾಗ ಕೊಳಿಯೂದಕ್ಕಿಂತ ಅದ ಚಲೋ.” ಮಗ ದುಂಡೇಶನನ್ನು ಕೂಗಿ ಟ್ರ್ಯಾಕ್ಟರ್ ಹೊರಡಿಸಿದಳು.

ಆಮೇಲಿನದೆಲ್ಲ ಜಾತ್ರೆಯ ಗಡಿಬಿಡಿ. ಕೆಳಗೆ ಕಲ್ಲು ಹಾಸಿ, ಗೆದ್ದಲು ಹತ್ತದ ಹಾಗೆ ತಂಬಾಕಿನ ಕಟ್ಟಿಗೆ ಹರವಿದರು. ಅಕ್ಕುತಾಯಿ ಸೀರೆ ಎತ್ತಿ ಕಚ್ಚೆ ಹಾಕಿಕೊಂಡು ನಡುವೆ ನಿಂತಳು. ದುಂಡೇಶ ಎಸೆದ ಸೂಡನ್ನು ಗಾಳಿಯಲ್ಲೇ ಹಿಡಿದು, ತುದಿ ಒಳಗೆ, ಬುಡ ಹೊರಗೆ ಇಟ್ಟು, ತುಳಿದು, ಸುತ್ತಿ ಬಂದು ಮತ್ತೆ ತುಳಿದಳು. ಐವತ್ತೈದರ ಹೆಂಗಸು, ಮೊಣಕಾಲು ನೋವೆಂದು ದಿನಾ ಎಣ್ಣೆ ತಿಕ್ಕಿಕೊಳ್ಳುವವಳು! ನೀಲಮ ದೂರದಲ್ಲಿ ಫೋಟೋ ತೆಗೆದ ಜಾಗ ಹುಡುಕಿ ನಿಂತು, ಮೊಬೈಲ್ ಕಣ್ಣಿಗೆ ಹಿಡಿದು, “ಎಡಕ್ಕ ಒಂದ ಗೇಣ” ಎಂದು ಕೂಗುತ್ತಿದ್ದಳು. ಎರಡು ಸಲ ಕೂಗಿದ್ದೇ ಕಡೆ.

“ನೀ ಸುಮ್ನಿರ ಬೇ,” ಎಂದಳು ಅಕ್ಕುತಾಯಿ ಮೇಲಿನಿಂದ. “ನನ್ನ ಕಾಲಿಗೆ ಗೊತ್ತೈತಿ.”

ಟಿಪ್ಪರ್ ಚಾಲಕರೂ ಇಳಿದು ಬಂದು ಸೂಡು ಎಸೆಯತೊಡಗಿದರು. ಐದನೇ ಟ್ರೇಲರಿನ ಜೊತೆ ಕೆಂಚವ್ವನೂ ಬಂದಳು, ಅದು ಖಾಲಿಯಾಗುವ ಹೊತ್ತಿಗೆ ಬಿಸಿಲು ಇಳಿದಿತ್ತು. ಮೇಲೆ ಕಬ್ಬಿನ ಒಣಗರಿ, ರವದಿ ಹೊದಿಸಿ, ಅಕ್ಕುತಾಯಿ ಪಡುವಣದ ಮಗ್ಗುಲನ್ನು ಅಂಗೈಯಿಂದ ಸವರಿ ಸವರಿ ಇಳಿಸಿದಳು.

ಸಂಗ್ರಾಮ ಫೋಟೋವನ್ನು ತೋಳುದ್ದ ಚಾಚಿ ಹಿಡಿದರು. ಒಂದು ಕಣ್ಣು ಮುಚ್ಚಿದರು. ಎರಡು ಹೆಜ್ಜೆ ಹಿಂದೆ, ಒಂದು ಹೆಜ್ಜೆ ಬಲಕ್ಕೆ. ಬೆನ್ನು, ಹೊಟ್ಟೆ, ಇಳಿದ ಹೆಗಲು, ಫೋಟೋದ ಗೆರೆ ಬಣವೆಯ ಗೆರೆಯ ಮೇಲೆ ಹೋಗಿ ಕೂತಿತ್ತು. ಸಂಗ್ರಾಮ ಫೋಟೋ ಕೆಳಗಿಳಿಸಿದರು. ಆಮೇಲೆ ತಮಗೆ ತಾವೇ ನಗತೊಡಗಿದರು, ಕಣ್ಣಲ್ಲಿ ನೀರು ಬರುವ ತನಕ ನಕ್ಕರು.

“ಮೂರ ತಿಂಗಳ ಈ ಇಳಕಲಾ ಹೊಗಳೇನಿ ನಾ. ಇನ್ನೂ ಹೊಗಳತೇನಿ. ಟಿಪ್ಪರ್ ವಾಪಸ್ ಕಳಸ್ರಿ. ಮೂಲ ವಿನ್ಯಾಸ ಅಂದಮ್ಯಾಲ ಕೆಂಚವ್ವಾರ, ನಿಮ್ಮ ಬಣವಿ ಪ್ರತಿ ವರ್ಷ ಇಲ್ಲೇ ಆಗಬೇಕು. ಟ್ರಸ್ಟಿನವರಿಗೆ ನಾ ಹೇಳ್ತೀನಿ.”

ನೀಲಮಳಿಗೆ ಕಾಲು ನೆಲದ ಮೇಲಿರಲಿಲ್ಲ. ಓಡಿಹೋಗಿ ಬಣವೆಯನ್ನೇ ತಬ್ಬಿಕೊಂಡಳು. ಮುಖಕ್ಕೆಲ್ಲ ರವದಿ ಚುಚ್ಚಿತು.

“ಪ್ರತಿ ಕುಳಿಗೂ ವಿನ್ಯಾಸಕಾರನ ಹೆಸರಿನ ಕಲ್ಲ ನೆಡಸೋದೈತಿ,” ಎಂದು ಸಂಗ್ರಾಮ ನೀಲಮಳ ಕೈಗೆ ಪುಸ್ತಕ ಪೆನ್ನು ಕೊಟ್ಟರು. “ಆರನೇದಕ್ಕ ಸಾಹೇಬನ ಹೆಸರ ಹೊಡದ ಹಾಕು. ಅಕ್ಕುತಾಯಿ, ಆ ಮುತ್ಯಾನ ಪೂರ್ತಿ ಹೆಸರ ಹೇಳ್ರಿ.”

ಬಣವೆಯಿಂದ ಏಣಿ ಇಳಿಯುತ್ತಿದ್ದ ಅಕ್ಕುತಾಯಿ ಕೊನೆಯ ಮೆಟ್ಟಿಲಿನಲ್ಲಿ ನಿಂತಳು. ಒಮ್ಮೆ ಕೆಂಚವ್ವನನ್ನು ನೋಡಿ ತಲೆ ತಗ್ಗಿಸಿದಳು. “ಪೂರ್ತಿ ಏನ್ರಿ... ಇವರ ಮನ್ಯಾಗ ಎಲ್ಲಾರೂ ಬಾಳ್ಯಾ, ಬಾಳ್ಯಾ ಅಂತಿದ್ರು. ಹಂಗ ಬರೀರಿ.”

ಏಣಿಯ ಬುಡ ಹಿಡಿದು ನಿಂತಿದ್ದವಳು ಕೆಂಚವ್ವ. ಅವಳ ಅತ್ತೆ ಹಾಗೆ ಕರೆದದ್ದನ್ನು ಅವಳು ಕೇಳಿದ್ದಳು, ತಾನೂ ಕರೆದಿದ್ದಳು. ಅವಳು ನೀಲಮಳ ಕೈಯ ಪುಸ್ತಕದ ಕಡೆ ತಿರುಗಿದಳು.

“ಬಾಳಪ್ಪನವರು ಅಂತ ಬರಿಯವ್ವಾ ನೀಲಮ,” ಎಂದಳು.